ಕೊಟ್ಟ ದುಡ್ಡಿಗೆ ನಂಬಬಹುದಾದ .32 ಪಿಸ್ತೂಲು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಲೈಸೆನ್ಸ್ ಕೈಗೆ ಬಂದವರು, ಅರ್ಜಿ ಹಾಕಿ ಕಾಯುತ್ತಿರುವವರು, ಮನೆಯಲ್ಲಿ ಹಳೆಯ ಪಿಸ್ತೂಲು ಇದ್ದು ಏನು ಮಾಡಬೇಕೆಂದು ತಿಳಿಯದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವರ ಮೊದಲ ಪ್ರಶ್ನೆ "ಯಾವ ಕಂಪನಿದು ಒಳ್ಳೇದು?" ಎಂದೇ ಇರುತ್ತದೆ. ಪಿಸ್ತೂಲಿನ ಮೇಲೆ ಕೆತ್ತಿರುವ ಹೆಸರು ಗುಂಡು ಹಾರಿಸುವುದಿಲ್ಲ. ಗುಂಡು ತುಂಬುವ ಮ್ಯಾಗಜಿನ್, ಸ್ಪ್ರಿಂಗು, ಗುಂಡಿನ ತಳಕ್ಕೆ ಹೊಡೆಯುವ ಫೈರಿಂಗ್ ಪಿನ್ನು ಮತ್ತು ನಿಮಗೆ ಸಿಗುವ ಗುಂಡು, ಈ ನಾಲ್ಕೂ ಸರಿಯಿದ್ದರೆ ಮಾತ್ರ ಅದು ನಂಬುವ ಪಿಸ್ತೂಲು.

ತೋಟಕ್ಕೆ ಹಂದಿ ಬರುತ್ತದೆ, ಚಿರತೆ ಕಾಟ ಇದೆ. ಪಿಸ್ತೂಲು ತಗೊಳ್ಳಬಹುದಾ?

ಬೇಡ. .32 ಪಿಸ್ತೂಲಿನ ಗುಂಡಿನ ತೂಕ 71 ಗ್ರೇನ್, ಅಂದರೆ ಸುಮಾರು 4.6 ಗ್ರಾಂ. ಸೆಕೆಂಡಿಗೆ 275 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಇದರ ಏಟಿಗೆ ಹಂದಿ ಸಾಯುವುದಿಲ್ಲ, ಗಾಯಗೊಂಡು ಎದುರಿಗಿದ್ದವರ ಮೇಲೆ ತಿರುಗಿ ಬೀಳುತ್ತದೆ. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದಕ್ಕೆ ಗುಂಡು ಹಾರಿಸಿದರೆ ಪಿಸ್ತೂಲೂ ಹೋಗುತ್ತದೆ, ನೀವೂ ಜೈಲಿಗೆ ಹೋಗುತ್ತೀರಿ. ಬೆಳೆ ಕಾಯಲು ಲೈಸೆನ್ಸ್ ಕೇಳುವವರು ಸಾಮಾನ್ಯವಾಗಿ ಕೇಳುವುದು 12 ಬೋರ್ ಬಂದೂಕು. ಅದಕ್ಕೆ ಅರ್ಜಿಯೇ ಬೇರೆ, ಕಾರಣವೇ ಬೇರೆ.

ಪಿಸ್ತೂಲು ಕೇಳುವವರು ಬಹುತೇಕ ನಗದು ಇಲ್ಲವೇ ಬೆಲೆಬಾಳುವ ಮಾಲು ಹೊತ್ತು ಓಡಾಡುವವರು: ಅಡಿಕೆ, ಕೊಬ್ಬರಿ ವ್ಯಾಪಾರಿಗಳು, ಶಿಡ್ಲಘಟ್ಟದ ರೇಷ್ಮೆ ವಹಿವಾಟಿನವರು, ಶ್ರೀನಿವಾಸಪುರದ ಮಾವಿನ ಮಂಡಿಯವರು, ಚಿನ್ನದಂಗಡಿಯವರು. ಮುಂದಿನ ಮಾತೆಲ್ಲ ಅಂಥವರಿಗೆ.

ನಮ್ಮ ಕಡೆ ಲೈಸೆನ್ಸ್ ಯಾರು ಕೊಡುತ್ತಾರೆ?

ಮೂರೂ ಜಿಲ್ಲೆಗಳಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ. ಹಾಗಾಗಿ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಯೇ ಕೊಡಬೇಕು. ಪೊಲೀಸ್ ವರದಿ ಬೇಕೇ ಬೇಕು. ಕೆಜಿಎಫ್ ಕಡೆಯವರು ಒಂದು ನೆನಪಿಡಿ: ಕಂದಾಯ ಜಿಲ್ಲೆ ಕೋಲಾರವೇ ಆದರೂ ಕೆಜಿಎಫ್‌ಗೆ ಪ್ರತ್ಯೇಕ ಎಸ್‌ಪಿ ಕಚೇರಿ ಇದೆ, ವರದಿ ಅಲ್ಲಿಂದ ಬರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ಅದಕ್ಕೂ ಹಿಂದಿನ ಲೈಸೆನ್ಸ್‌ಗಳು ಕೋಲಾರದ ಜಿಲ್ಲಾಧಿಕಾರಿ ಕೊಟ್ಟವು. ನವೀಕರಣಕ್ಕೆ ಹೋಗುವಾಗ ಹಳೆಯ ಪುಸ್ತಕದ ಪ್ರತಿ ಪುಟದ ಜೆರಾಕ್ಸ್ ಜೊತೆಯಲ್ಲಿರಲಿ.

ವಯಸ್ಸು 21 ತುಂಬಿರಬೇಕು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸ್ ಅವಧಿ ಐದು ವರ್ಷ. ಲೈಸೆನ್ಸ್ ಮೇಲೆ ಯುಐಎನ್ (ಪ್ರತಿ ಲೈಸೆನ್ಸ್ ಹೊಂದಿದವರಿಗೆ ಕೊಡುವ ಪ್ರತ್ಯೇಕ ಗುರುತಿನ) ಸಂಖ್ಯೆ ಇದೆಯೇ ಎಂದು ನೋಡಿ, ಅದಿಲ್ಲದೆ ಲೈಸೆನ್ಸ್‌ಗೆ ಮಾನ್ಯತೆ ಇಲ್ಲ. ಕೊಡಗಿನವರಿಗೆ ಲೈಸೆನ್ಸ್ ಬೇಡವಂತಲ್ಲ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ನಮಗೆ ಅನ್ವಯಿಸದು.

9 ಎಂಎಂ ಯಾಕೆ ಸಿಗಲ್ಲ? .32 ಅಷ್ಟು ಸಣ್ಣದಲ್ಲವೇ?

9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಳತೆ). ಸೈನ್ಯ, ಪೊಲೀಸರು ಬಳಸುವಂಥದ್ದು. ಜಿಲ್ಲಾಧಿಕಾರಿ ಕೊಡಲು ಬರುವುದಿಲ್ಲ. ಸಾಮಾನ್ಯ ಲೈಸೆನ್ಸ್‌ದಾರರಿಗೆ ಅರೆ ಸ್ವಯಂಚಾಲಿತ ಪಿಸ್ತೂಲು ಎಂದರೆ .32, ಅದರ ಇನ್ನೊಂದು ಹೆಸರು 7.65 ಎಂಎಂ. .25 ಮತ್ತು .22 ಕೂಡ ಲೈಸೆನ್ಸ್‌ನಲ್ಲಿ ಸಿಗುತ್ತವೆ. ಆದರೆ ಹಳೆಯ .25 ಪಿಸ್ತೂಲು ತಗೊಂಡವರು ಗುಂಡಿಗಾಗಿ ಅಂಗಡಿ ಅಂಗಡಿ ಅಲೆಯುತ್ತಾರೆ. .32ಕ್ಕೆ ಖಡ್ಕಿಯ ಸರ್ಕಾರಿ ಕಾರ್ಖಾನೆಯ ಗುಂಡು, ಅಂದರೆ ತಳದಲ್ಲಿ ಕೆಎಫ್ ಎಂದು ಗುರುತಿರುವುದು, ನಮ್ಮ ದೇಶದಲ್ಲೇ ತಯಾರಾಗುತ್ತದೆ. ಈ ಒಂದು ಕಾರಣಕ್ಕೇ .32 ಬಿಟ್ಟು ಬೇರೆ ನೋಡಬೇಡಿ ಎನ್ನುತ್ತೇವೆ.

1899ರಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ ಗುಂಡಿದು. ಒತ್ತಡ ಕಡಿಮೆ. ಹಾಗಾಗಿ ಈ ಪಿಸ್ತೂಲುಗಳಲ್ಲಿ ಬ್ಯಾರೆಲ್‌ಗೂ ಅದರ ಮೇಲೆ ಹಿಂದೆ ಮುಂದೆ ಓಡುವ ಸ್ಲೈಡಿಗೂ ಬೀಗ ಹಾಕುವ ಏರ್ಪಾಡು ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಅದನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗಿನ ಬಲ, ಇವೆರಡೇ ಗುಂಡಿನ ಒದೆತವನ್ನು ತಡೆದು ಹಿಡಿಯುತ್ತವೆ. ಸರಳ ಯಂತ್ರ. ಆದರೆ ಅಷ್ಟೇ ಕಾರಣಕ್ಕೆ ಆ ಸ್ಪ್ರಿಂಗ್ ಸೋತರೆ ಇಡೀ ಪಿಸ್ತೂಲು ಸೋತಂತೆ.

ಲೈಸೆನ್ಸ್‌ನಲ್ಲಿ .32 ಎಂದಷ್ಟೇ ಇದೆ. ರಿವಾಲ್ವರ್ ಗುಂಡು ಇದಕ್ಕೆ ಆಗುತ್ತದೆಯೇ?

ಆಗುವುದಿಲ್ಲ. ರಿವಾಲ್ವರಿನ .32 ಉದ್ದ, ತಳದಲ್ಲಿ ದಪ್ಪ ಅಂಚು ಇರುತ್ತದೆ. ಪಿಸ್ತೂಲಿನದು ಗಿಡ್ಡ, ಕೇಸಿನ (ಮದ್ದು ತುಂಬಿರುವ ಲೋಹದ ಕೋಶದ) ಉದ್ದ 17 ಮಿ.ಮೀ., ತುದಿಯವರೆಗೆ 25 ಮಿ.ಮೀ. ಒಳಗೇ. ಡಬ್ಬಿಯ ಮೇಲೆ 7.65 ಎಂಎಂ ಅಥವಾ .32 ಎಸಿಪಿ ಎಂದಿರಬೇಕು. ಅಂಗಡಿಯಲ್ಲೇ ಒಂದು ಗುಂಡು ತೆಗೆದು ನೋಡಿ. ಮನೆಗೆ ಬಂದ ಮೇಲೆ ಗುಂಡನ್ನು ವಾಪಸ್ ಕೊಡುವುದು ಲೆಕ್ಕಪುಸ್ತಕದ ದೊಡ್ಡ ತಲೆನೋವು.

ಪಿಸ್ತೂಲೋ, ರಿವಾಲ್ವರೋ?

ವರ್ಷಕ್ಕೊಮ್ಮೆಯೂ ಹೊಡೆದು ಅಭ್ಯಾಸ ಮಾಡದವರಿಗೆ ರಿವಾಲ್ವರೇ ವಾಸಿ. ಒಂದು ಗುಂಡು ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. 2014ರಲ್ಲಿ ಬಂದ ನಿರ್ಭೀಕ್, 2023ರಲ್ಲಿ ಬಂದ ಪ್ರಬಲ್, ಎರಡೂ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರುಗಳು. ಪಿಸ್ತೂಲು ಚಪ್ಪಟೆ, ಸೊಂಟದಲ್ಲಿ ಹೊರಗೆ ಕಾಣದು, ಒಂದೆರಡು ಗುಂಡು ಹೆಚ್ಚು ಹಿಡಿಯುತ್ತದೆ. ಆದರೆ ಜಾಮ್ ಆದಾಗ ಬಿಡಿಸಲು ಕೈಗೆ ಅಭ್ಯಾಸ ಬೇಕು. ಆ ಅಭ್ಯಾಸಕ್ಕೆ ಸಮಯ ಕೊಡಲಾರೆ ಎನ್ನುವವರು ಪಿಸ್ತೂಲಿನ ಆಸೆ ಬಿಡುವುದು ಒಳ್ಳೆಯದು.

ಫಾರಿನ್ ಪಿಸ್ತೂಲಿಗೆ ಲಕ್ಷಗಟ್ಟಲೆ ಹೇಳುತ್ತಾರೆ. ಅಷ್ಟು ಬಾಳುತ್ತದೆಯೇ?

ಬೆಲೆ ಏರಿರುವುದು ಗುಣಕ್ಕಲ್ಲ, ಕೊರತೆಗೆ. 1980ರ ದಶಕದ ನಡುವಿನಿಂದ ಸಾಮಾನ್ಯ ಲೈಸೆನ್ಸ್‌ದಾರರಿಗಾಗಿ ಆಮದು ನಿಂತಿದೆ. ಅಂದು ದೇಶದೊಳಗಿದ್ದ ಪಿಸ್ತೂಲುಗಳೇ ಇಂದಿಗೂ ಕೈಯಿಂದ ಕೈಗೆ ಹೋಗುತ್ತಿವೆ. ವಾಲ್ಥರ್ ಪಿಪಿ 1929ರ ವಿನ್ಯಾಸ, ಬ್ರೌನಿಂಗ್ 1910 ಮತ್ತು 1922, ಕೋಲ್ಟ್ 1903, ವೆಬ್ಲಿ, ಝೆಕ್ ದೇಶದ ಸಿಝಡ್: ಎಲ್ಲವೂ ಸೊಗಸಾದ ಕೆಲಸಗಾರಿಕೆಯವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಕ್ಕೆ ಅರವತ್ತು, ಎಂಬತ್ತು, ನೂರು ವರ್ಷ. ಖಾಲಿ ಕೇಸನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರ್ ಮುರಿದರೆ ಹೊಸದು ಸಿಗುವುದಿಲ್ಲ. ಮೂಲ ಮ್ಯಾಗಜಿನ್ ಕಳೆದುಹೋಗಿ ಯಾರೋ ತಗಡು ಬಗ್ಗಿಸಿ ಮಾಡಿದ್ದು ಬಂದಿರುತ್ತದೆ. ಫಾರಿನ್ ಪಿಸ್ತೂಲು ಜಾಮ್ ಆಗುತ್ತದೆ ಎಂದು ಬರುವ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದೇ ಮ್ಯಾಗಜಿನ್ನನ್ನು.

ದುಡ್ಡಿಗೆ ತಕ್ಕದ್ದು ಬೇಕು, ಶೋಕಿಗಲ್ಲ ಎನ್ನುವವರಿಗೆ ನಮ್ಮ ಮಾತು: ಭಾರತದಲ್ಲೇ ಈಗ ತಯಾರಾಗುವ ಹೊಸ .32 ಪಿಸ್ತೂಲು. ಸರ್ಕಾರಿ ಕಾರ್ಖಾನೆಯ ಅಶನಿ ಹೆಚ್ಚು ಜನಕ್ಕೆ ಗೊತ್ತಿರುವುದು. 2021ರ ಅಕ್ಟೋಬರ್ 1ರಿಂದ ಪಿಸ್ತೂಲು, ರಿವಾಲ್ವರ್ ಮಾಡುವ ಸರ್ಕಾರಿ ಕಾರ್ಖಾನೆಗಳು ಕಾನ್ಪುರದ ಎಡಬ್ಲ್ಯುಇಐಎಲ್ ಎಂಬ ಸರ್ಕಾರಿ ಕಂಪನಿಯ ಕೆಳಗಿವೆ. ಲೈಸೆನ್ಸ್ ಪಡೆದ ಖಾಸಗಿ ತಯಾರಕರೂ ಬಂದಿದ್ದಾರೆ. ಯಾರದೇ ಆಗಲಿ, ಒಂದು ಪಿಸ್ತೂಲಿಗೂ ಇನ್ನೊಂದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಮಾಡೆಲ್ ಆರಿಸಿದರೆ ಅರ್ಧ ಕೆಲಸ ಆಯಿತು, ಎದುರಿಗಿರುವ ಎರಡು ಮೂರರಲ್ಲಿ ಒಂದನ್ನು ಆರಿಸುವುದು ಉಳಿದರ್ಧ.

ಬಜೆಟ್ ಹೇಗೆ ಹಂಚಬೇಕು?

ಇರುವುದನ್ನೆಲ್ಲ ಪಿಸ್ತೂಲಿಗೇ ಸುರಿಯಬೇಡಿ. ಮೊದಲು ಬದಿಗಿಡಬೇಕಾದ್ದು: ಗೋಡೆಗೆ ಬೋಲ್ಟ್ ಹಾಕುವ ಲಾಕರ್, ಒಂದು ಹೆಚ್ಚುವರಿ ಮ್ಯಾಗಜಿನ್, ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್, ರೇಂಜಿನಲ್ಲಿ ಕಲಿಯುವ ಖರ್ಚು, ಕನಿಷ್ಠ 100 ಗುಂಡು, ಸ್ವಚ್ಛ ಮಾಡುವ ಬ್ರಷ್ಷು ಎಣ್ಣೆ. ಉಳಿದದ್ದರಲ್ಲಿ ಪಿಸ್ತೂಲು. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಬೆಲೆ ಕೇಳುವಾಗ ತೆರಿಗೆ ಸೇರಿಸಿ ಎಷ್ಟು ಎಂದೇ ಕೇಳಿ.

ಅಂಗಡಿಯಲ್ಲಿ ಏನೇನು ನೋಡಬೇಕು?

ಇದಕ್ಕೆ ಅರ್ಧ ಗಂಟೆ ಬೇಕು. ಅವಸರ ಮಾಡುವ ಅಂಗಡಿಯಲ್ಲಿ ಕೊಳ್ಳಬೇಡಿ. ಮೊದಲು ಅನುಮತಿ ಕೇಳಿ. ಬಾಯಿ ಯಾರ ಕಡೆಗೂ ತಿರುಗದಂತೆ ಹಿಡಿದು, ಮ್ಯಾಗಜಿನ್ ಹೊರತೆಗೆದು, ಸ್ಲೈಡ್ ಹಿಂದಕ್ಕೆಳೆದು ಚೇಂಬರ್ (ಬ್ಯಾರೆಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿಯೇ ಎಂದು ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಈ ಕ್ರಮವನ್ನು ಹಿಂದೆ ಮುಂದೆ ಮಾಡಬಾರದು. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಹೊಸ ಗುಂಡು ಚೇಂಬರಿಗೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು "ಖಾಲಿ" ಎಂದುಕೊಂಡ ಪಿಸ್ತೂಲೇ ಮನೆಯವರ ಪ್ರಾಣ ತೆಗೆಯುವುದು.

ಬ್ಯಾರೆಲ್: ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಒಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ನಡುವೆ ಎಲ್ಲಾದರೂ ಉಂಗುರದಂತೆ ಕಪ್ಪು ನೆರಳು ಕಂಡರೆ ಅಲ್ಲಿ ಬ್ಯಾರೆಲ್ ಉಬ್ಬಿದೆ ಎಂದರ್ಥ. ಹಿಂದೆಂದೋ ಗುಂಡು ಸಿಕ್ಕಿಕೊಂಡ ಮೇಲೆ ಇನ್ನೊಂದು ಹೊಡೆದಿದ್ದಾರೆ. ಅದನ್ನು ಅಲ್ಲೇ ಇಟ್ಟು ಬನ್ನಿ.

ಸ್ಪ್ರಿಂಗು: ಪಿಸ್ತೂಲನ್ನು ಬಾಯಿ ಮೇಲಾಗಿ ನೆಟ್ಟಗೆ ಹಿಡಿದು ಸ್ಲೈಡನ್ನು ಅರ್ಧ ಸೆಂಟಿಮೀಟರ್ ಇಳಿಸಿ ಮೆಲ್ಲಗೆ ಬಿಡಿ. ತನ್ನ ಭಾರವನ್ನು ಎತ್ತಿಕೊಂಡು ಪೂರ್ತಿ ಮುಚ್ಚಬೇಕು. ಕೊನೆಯ ಒಂದು ಮಿಲಿಮೀಟರಿನಲ್ಲಿ ನಿಂತರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಒಳಗೆ ಜಿಡ್ಡು ಕಟ್ಟಿದೆ.

ಸೇಫ್ಟಿ: ಸೇಫ್ಟಿ ಹಾಕಿ, ಟ್ರಿಗರ್ ಜೋರಾಗಿ ಎಳೆದು ಬಿಡಿ. ಬೆರಳು ಪೂರ್ತಿ ಹೊರಗೆ ತೆಗೆದ ಮೇಲೆ ಸೇಫ್ಟಿ ತೆಗೆಯಿರಿ. ಆಗ ಹ್ಯಾಮರ್ (ಫೈರಿಂಗ್ ಪಿನ್ನಿಗೆ ಬಡಿಯುವ ಭಾಗ) ಬಿದ್ದರೆ ಆ ಪಿಸ್ತೂಲು ಅಪಾಯ. ಹ್ಯಾಮರ್ ಹೊರಗೆ ಕಾಣುವ ಮಾಡೆಲ್ ಆದರೆ, ಏರಿಸಿದ ಹ್ಯಾಮರನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಮುಂದಕ್ಕೆ ಒತ್ತಿ. ಅಲುಗಬಾರದು. ಸ್ಲೈಡನ್ನು ಮೂರು ನಾಲ್ಕು ಮಿಲಿಮೀಟರ್ ಹಿಂದಕ್ಕೆ ಹಿಡಿದು ಟ್ರಿಗರ್ ಎಳೆದರೆ ಹ್ಯಾಮರ್ ಬೀಳಬಾರದು. ಬಿದ್ದರೆ ಪೂರ್ತಿ ಮುಚ್ಚದ ಚೇಂಬರಿನಲ್ಲಿ ಗುಂಡು ಸಿಡಿಯುತ್ತದೆ.

ಫೈರಿಂಗ್ ಪಿನ್ನು: ಖಾಲಿ ಎಂದು ಮತ್ತೊಮ್ಮೆ ಖಚಿತ ಮಾಡಿಕೊಂಡು, ಸ್ಲೈಡ್ ಮುಚ್ಚಿ, ಬಾಯಿ ಮೇಲೆ ಮಾಡಿ, ಹಿಂಬದಿಗೆ ರಬ್ಬರ್ ಇರುವ ತೆಳು ಪೆನ್ಸಿಲನ್ನು ರಬ್ಬರ್ ಕೆಳಗಾಗಿ ಬ್ಯಾರೆಲ್ಲಿನೊಳಗೆ ಇಳಿಬಿಡಿ. ಮುಖ ಬದಿಗಿಟ್ಟುಕೊಂಡು ಟ್ರಿಗರ್ ಎಳೆದಾಗ ಪೆನ್ಸಿಲ್ ಚಿಮ್ಮಿ ಮೇಲೇಳಬೇಕು. ಎರಡು ಮೂರು ಪಿಸ್ತೂಲುಗಳಿದ್ದರೆ ಒಂದೇ ಪೆನ್ಸಿಲಿನಲ್ಲಿ ಹೋಲಿಸಿ. ಸುಮ್ಮನೆ ಕೊಂಚ ಅಲುಗಿ ಕೂರುವುದು ಮುಂದೆ ಮಿಸ್‌ಫೈರ್ ಕೊಡುವ ಪಿಸ್ತೂಲು.

ಮ್ಯಾಗಜಿನ್: ಮೇಲಿನ ಎರಡು ತುಟಿಗಳು ಸಮವಾಗಿರಬೇಕು, ಬಿರುಕು, ಸುತ್ತಿಗೆ ಏಟಿನ ಗುರುತು ಇರಬಾರದು. ಒಳಗಿನ ತಟ್ಟೆಯನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಎಲ್ಲೂ ಸಿಕ್ಕದೆ ಮೇಲೆ ಬರಬೇಕು. ಜೊತೆಗೆ ಕೊಡುವ ಎರಡನೆಯದನ್ನೂ ಹೀಗೇ ನೋಡಿ. ಸ್ಲೈಡಿನಲ್ಲಿ ಕೇಸು ಹಾರುವ ಕಿಂಡಿಯ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದನ್ನು ಮರೆಯಬೇಡಿ. ಕೊನೆಗೆ ಪ್ರೂಫ್ ಮಾರ್ಕ್ (ಪರೀಕ್ಷೆಯಾಗಿದೆ ಎಂಬ ಮುದ್ರೆ), ಸೀರಿಯಲ್ ನಂಬರ್. ಬಿಲ್ಲಿನಲ್ಲಿ, ಲೈಸೆನ್ಸ್‌ನಲ್ಲಿ, ಲೋಹದ ಮೇಲೆ ಮೂರೂ ಕಡೆ ನಂಬರ್ ಒಂದೇ ಇರಬೇಕು. ಒಂದು ಅಂಕಿ ತಪ್ಪಿದರೂ ತಿದ್ದಿಸಿಕೊಂಡೇ ಹೊರಡಿ.

ಇನ್ನೊಬ್ಬ ಲೈಸೆನ್ಸ್‌ದಾರರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಕೊಳ್ಳಬಹುದು, ಮಾತಲ್ಲಿ ಅಲ್ಲ. ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರೆದು ತಿಳಿಸಿ 45 ದಿನ ಕಳೆಯಬೇಕು ಎನ್ನುತ್ತದೆ ಆಯುಧ ಕಾಯ್ದೆಯ 5ನೇ ಕಲಂ. ಆ ನಡುವೆ "ಇಟ್ಕೊಂಡಿರಿ ಅಣ್ಣ, ಪೇಪರ್ ಆಮೇಲೆ ಮಾಡ್ಸೋಣ" ಎಂದು ಕೈಗೆ ಕೊಟ್ಟರೆ ಇಬ್ಬರ ಮೇಲೂ ಕೇಸು. ಕೊಳ್ಳುವ ಮುನ್ನ ಲೈಸೆನ್ಸ್ ಪಡೆದ ಗನ್‌ಸ್ಮಿತ್ ಒಬ್ಬರಿಗೆ ತೋರಿಸಿ. ಒಂದೇ ಮ್ಯಾಗಜಿನ್ ಇರುವ ಹಳೆಯ ಪಿಸ್ತೂಲಿಗೆ ಬೆಲೆ ಇಳಿಸಿಯೇ ಕೇಳಿ.

ಎಷ್ಟು ಗುಂಡು ಹೊಡೆದ ಮೇಲೆ ನಂಬಬಹುದು?

ನಿಮ್ಮ ಕೈಯಲ್ಲಿ, ನೀವು ಇಟ್ಟುಕೊಳ್ಳಲಿರುವ ಅದೇ ಗುಂಡಿನಲ್ಲಿ, ಸತತ 50 ಯಾವ ತಡೆಯೂ ಇಲ್ಲದೆ ಹೋದರೆ ಒಂದು ಮಟ್ಟಿಗೆ ನಂಬಬಹುದು. 100 ಆದರೆ ನೆಮ್ಮದಿ. ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದೆಂಬುದು ಲೈಸೆನ್ಸ್‌ನಲ್ಲೇ ಬರೆದಿರುತ್ತದೆ, ಅದರೊಳಗೆ ಲೆಕ್ಕ ಹಾಕಿ. ಎರಡೂ ಮ್ಯಾಗಜಿನ್ ತಳಕ್ಕೆ ಬಣ್ಣದಲ್ಲಿ 1, 2 ಎಂದು ಗುರುತು ಹಾಕಿ. ಪ್ರತಿ ತಡೆಗೂ ಯಾವ ಮ್ಯಾಗಜಿನ್, ಎಷ್ಟನೇ ಗುಂಡು, ಏನಾಯಿತು ಎಂದು ಬರೆದಿಡಿ. ರಿಪೇರಿಗೆ ಹೋದಾಗ ಈ ಒಂದು ಹಾಳೆ ಅರ್ಧ ಕೆಲಸ ಮಾಡುತ್ತದೆ.

ಹೊಡೆಯುವುದು ರೇಂಜಿನಲ್ಲಿ ಮಾತ್ರ. ನಮ್ಮ ಮೂರೂ ಜಿಲ್ಲೆಗೆ ಬೆಂಗಳೂರು ದೂರವಲ್ಲ, ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ರೇಂಜ್ ಅಲ್ಲಿದೆ. ಒಣಗಿದ ಕೆರೆಯಂಗಳ, ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ "ಟೆಸ್ಟ್" ಮಾಡುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ವಿರುದ್ಧ. ಕರಿಕಲ್ಲಿಗೆ ಬಡಿದ ಗುಂಡು ಯಾವ ಕಡೆಗೆ ತಿರುಗುತ್ತದೋ ಯಾರೂ ಹೇಳಲಾರರು.

ಜಾಮ್ ಯಾಕಾಗುತ್ತದೆ? ಯಾವುದಕ್ಕೆ ಏನು ಕಾರಣ?

ಬರೆದಿಟ್ಟ ಹಾಳೆಯನ್ನು ಮುಂದಿಟ್ಟುಕೊಳ್ಳಿ. ತಡೆ ಬರೀ 2ನೇ ಮ್ಯಾಗಜಿನ್‌ನಲ್ಲಿ ಬಂದಿದ್ದರೆ ಪಿಸ್ತೂಲನ್ನು ದೂರಬೇಡಿ, ಆ ಮ್ಯಾಗಜಿನ್ ಬದಲಿಸಿ. ಎರಡರಲ್ಲೂ ಬಂದರೆ ಕಾರಣ ಬೇರೆ.

ಗುಂಡಿನ ಮೂತಿ ಚೇಂಬರಿನ ಕೆಳಗೆ ತಗುಲಿ ನಿಂತರೆ: ಮ್ಯಾಗಜಿನ್ ತುಟಿ ಬಾಗಿದೆ, ಅಥವಾ ಮ್ಯಾಗಜಿನ್ ಕೊಕ್ಕೆ ಸವೆದು ಅದು ಒಂದು ಕೂದಲಷ್ಟು ಕೆಳಗೆ ಕೂತಿದೆ. ಮ್ಯಾಗಜಿನ್ನನ್ನು ಮೇಲಕ್ಕೊತ್ತಿ ಹಿಡಿದಾಗ ಸರಿಹೋದರೆ ಎರಡನೆಯದೇ ಕಾರಣ.

ಖಾಲಿ ಕೇಸು ಕಿಂಡಿಯಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಂಡರೆ: ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಿಲ್ಲ. ಹೊಸಬರಲ್ಲಿ ಇದಕ್ಕೆ ಪಿಸ್ತೂಲಿಗಿಂತ ಕೈಯೇ ಕಾರಣ. ಮಣಿಕಟ್ಟು ಸಡಿಲ ಬಿಟ್ಟರೆ ಇಡೀ ಪಿಸ್ತೂಲು ಸ್ಲೈಡಿನ ಜೊತೆಗೇ ಹಿಂದೆ ಸರಿಯುತ್ತದೆ, ಸ್ಪ್ರಿಂಗ್ ಒತ್ತುವಷ್ಟು ಬಲ ಉಳಿಯುವುದಿಲ್ಲ. ಗಟ್ಟಿ ಹಿಡಿತದ ಇನ್ನೊಬ್ಬರು ಹೊಡೆದಾಗಲೂ ಹೀಗೇ ಆದರೆ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಸವೆದಿದೆಯೇ, ಗುಂಡು ಹಳತೇ ನೋಡಿ. ಕೇಸು ಚೇಂಬರಿನಲ್ಲೇ ಉಳಿದುಬಿಟ್ಟರೆ ಎಕ್ಸ್‌ಟ್ರಾಕ್ಟರ್, ಇಲ್ಲವೇ ಚೇಂಬರಿನ ಕೊಳೆ.

ಟಕ್ ಎಂದು ಸದ್ದಾಗಿ ಗುಂಡು ಹಾರದಿದ್ದರೆ: ಬಾಯಿ ಗುರಿಯ ಕಡೆಗೇ ಇರಲಿ, 30 ಸೆಕೆಂಡ್ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ಗುಂಡೂ ಇರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು ಗುಂಡು ಹೊರಹಾಕಿ ಅದರ ತಳ ನೋಡಿ. ಕ್ಯಾಪಿನ (ತಳದ ನಡುವಿನ, ಏಟಿಗೆ ಕಿಡಿ ಹೊತ್ತಿಸುವ ಬಿಲ್ಲೆಯ) ಮೇಲೆ ಆಳವಾದ ಗುಳಿ ಇದ್ದರೆ ಗುಂಡು ಸತ್ತಿದೆ. ಬರೀ ಚುಕ್ಕೆಯಷ್ಟು ಗುರುತಿದ್ದರೆ ಫೈರಿಂಗ್ ಪಿನ್ನಿನ ದಾರಿಯಲ್ಲಿ ಜಿಡ್ಡಿದೆ ಅಥವಾ ಅದರ ಸ್ಪ್ರಿಂಗ್ ಸೋತಿದೆ.

ಸದ್ದು ಮಾಮೂಲಿಗಿಂತ ಸಣ್ಣದಾಗಿ "ಪುಸ್" ಎಂದರೆ ಕೂಡಲೇ ನಿಲ್ಲಿಸಿ. ಗುಂಡು ಬ್ಯಾರೆಲ್ಲಿನೊಳಗೇ ಉಳಿದಿರಬಹುದು. ಮೇಲೆ ಹೇಳಿದ ಉಂಗುರದ ಉಬ್ಬು ಬರುವುದು ಹೀಗೇ.

ಸ್ಪ್ರಿಂಗನ್ನು ಎಳೆದು ಉದ್ದ ಮಾಡುವುದು, ತುಂಡರಿಸುವುದು, ಚೇಂಬರಿನ ಬಾಯನ್ನು ಅರದಿಂದ ಉಜ್ಜುವುದು, ಇವನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬೇಡಿ. ಲೈಸೆನ್ಸ್ ಇಲ್ಲದವರ ಕೈಗೆ ಪಿಸ್ತೂಲು ಕೊಡುವುದೇ ಅಪರಾಧ.

ಮ್ಯಾಗಜಿನ್‌ನಲ್ಲಿ ಗುಂಡು ಸಿಕ್ಕಿಕೊಂಡು ಏನು ಮಾಡಿದರೂ ಮೇಲೆ ಬರುತ್ತಿಲ್ಲ.

.32ರ ಹುಟ್ಟುಗುಣ ಇದು. ಈ ಗುಂಡಿನ ತಳದ ಅಂಚು ಕೇಸಿಗಿಂತ ಸುತ್ತಲೂ ಕಾಲು ಮಿಲಿಮೀಟರ್ ಹೊರಚಾಚಿದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಒಂದನ್ನೊಂದು ಬಿಡುವುದಿಲ್ಲ, ಸ್ಲೈಡ್ ಎಷ್ಟೇ ಎಳೆದರೂ ಬಿಡಿಸಲಾಗದು. ತುಂಬುವಾಗಲೇ ಪ್ರತಿ ಗುಂಡನ್ನೂ ಕೆಳಗಿನದರ ಅಂಚಿನ ಮುಂದೆ ಇಟ್ಟು ಹಿಂದಕ್ಕೆ ಜಾರಿಸಬೇಕು. ತುಂಬಿದ ಮೇಲೆ ಮ್ಯಾಗಜಿನ್ನಿನ ಬೆನ್ನನ್ನು ಅಂಗೈಗೆ ಎರಡು ಸಲ ತಟ್ಟಿ. ಮೂತಿ ಟೊಳ್ಳಾದ ಗುಂಡುಗಳು ಗಿಡ್ಡ, ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಓಡಾಡಲು ಜಾಗ ಸಿಕ್ಕಿ ಈ ತೊಂದರೆ ಹೆಚ್ಚು. ದುಂಡು ಮೂತಿಯ ಪೂರ್ತಿ ಉದ್ದದ ಗುಂಡೇ ಇದಕ್ಕೆ ಸರಿ.

ಮನೆಯಲ್ಲಿ ಕೊಬ್ಬರಿ ಎಣ್ಣೆ ಬೇಕಾದಷ್ಟಿದೆ. ಅದನ್ನೇ ಹಚ್ಚಬಹುದಾ?

ತಿಪಟೂರು ಸೀಮೆಯವರು ಕೇಳದೆ ಇರದ ಪ್ರಶ್ನೆ. ಹಚ್ಚಬಾರದು. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಅದು ಬೆಳ್ಳಗೆ ಹೆಪ್ಪುಗಟ್ಟಿ ಕೂರುವುದನ್ನು ದಿನಾ ನೋಡುತ್ತೀರಿ. ಪಿಸ್ತೂಲಿನೊಳಗೂ ಅದೇ ಆಗುತ್ತದೆ. ಫೈರಿಂಗ್ ಪಿನ್ನು ಮೇಣದೊಳಗೆ ಚಲಿಸಿದಂತೆ ಚಲಿಸಿ ಕ್ಯಾಪಿಗೆ ಚುಕ್ಕೆ ಇಟ್ಟು ನಿಲ್ಲುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಪಿಸ್ತೂಲು ಚಳಿಗಾಲದಲ್ಲಿ ಮಿಸ್‌ಫೈರ್ ಆಗುವುದಕ್ಕೆ ಇದೊಂದು ಕಾರಣ. ವರ್ಷ ಕಳೆದಂತೆ ಅಂಟು ಕಟ್ಟಿ ಧೂಳನ್ನೂ ಹಿಡಿಯುತ್ತದೆ.

ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಆಗುತ್ತದೆ. ಅಳತೆ: ಸ್ಲೈಡ್ ಓಡುವ ಎರಡೂ ಹಳಿಗೆ ಒಂದೊಂದು ಹನಿ, ಬ್ಯಾರೆಲ್ ಹೊರಮೈಗೆ ಒಂದು ಹನಿ ಹಚ್ಚಿ ಒರೆಸಿ. ಫೈರಿಂಗ್ ಪಿನ್ನಿನ ರಂಧ್ರಕ್ಕೆ, ಮ್ಯಾಗಜಿನ್ ಒಳಗೆ ಹನಿಯೂ ಬೇಡ. ಎಣ್ಣೆ ಗುಂಡಿನ ಕ್ಯಾಪಿನೊಳಗೆ ಇಳಿದರೆ ಗುಂಡು ಸಾಯುತ್ತದೆ. ಹೊಡೆದ ದಿನವೇ ಸ್ವಚ್ಛ ಮಾಡಿ, ಹೊಡೆಯದಿದ್ದರೂ ಮೂರು ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ. ಕಲ್ಲು ಕ್ರಷರ್ ಪಕ್ಕ ಇರುವವರು ತಿಂಗಳಿಗೊಮ್ಮೆ. ಸೀಮೆಎಣ್ಣೆಯಲ್ಲಿ ತೊಳೆದು ಹಾಗೇ ಬಿಟ್ಟರೆ ವಾರದಲ್ಲಿ ತುಕ್ಕು.

ಆಯುಧಪೂಜೆಗೆ ಇಡಬಹುದೇ?

ಇಡಿ, ಸಂಪ್ರದಾಯ ಬಿಡಬೇಕಿಲ್ಲ. ಆದರೆ ಗುಂಡು ಲಾಕರಿನಲ್ಲೇ ಇರಲಿ, ಪಿಸ್ತೂಲು ಪೆಟ್ಟಿಗೆಯೊಳಗೇ ಇರಲಿ, ಅರಿಶಿನ ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕೆ. ಕುಂಕುಮದ ಪುಡಿ ಎಣ್ಣೆಯ ಜೊತೆ ಸೇರಿ ಹಳಿಗಳಲ್ಲಿ ಕೆಸರಾಗುತ್ತದೆ. ನಿಂಬೆರಸ ಬಿದ್ದ ಕಡೆ ಲೋಹದ ನೀಲಿಗಪ್ಪು ಬಣ್ಣ ಬಿಳುಚಿ, ಅದೇ ಜಾಗದಿಂದ ತುಕ್ಕು ಶುರುವಾಗುತ್ತದೆ. ಗ್ರಿಪ್ಪಿನ ಅಂಚಿನಲ್ಲಿ ಕೆಂಪು ಗೆರೆ ಕಂಡ ಹಳೆಯ ಪಿಸ್ತೂಲುಗಳಲ್ಲಿ ಗ್ರಿಪ್ ಬಿಚ್ಚಿ ನೋಡಿ. ಕುಂಕುಮವೇ ಆದರೂ ಕೆಳಗೆ ತುಕ್ಕು ಇರಬಹುದು.

ಮ್ಯಾಗಜಿನ್ ತುಂಬಿಟ್ಟರೆ ಸ್ಪ್ರಿಂಗ್ ಹಾಳಾಗುತ್ತದೆಯೇ?

ಒಳ್ಳೆಯ ಸ್ಪ್ರಿಂಗ್ ಸೋಲುವುದು ಒತ್ತಿಟ್ಟದ್ದಕ್ಕಿಂತ ಹೆಚ್ಚಾಗಿ ಪದೇ ಪದೇ ಒತ್ತಿ ಬಿಡುವುದರಿಂದ. ಹಳೆಯ ಮ್ಯಾಗಜಿನ್ ಬಗ್ಗೆ ಅನುಮಾನವಿದ್ದರೆ ಒಂದು ಗುಂಡು ಕಡಿಮೆ ತುಂಬಿ.

ಚೇಂಬರಿನಲ್ಲಿ ಗುಂಡು ಇಟ್ಟುಕೊಂಡೇ ಓಡಾಡಬಹುದೇ?

ಹಳೆಯ ವಿನ್ಯಾಸದ .32ಗಳಲ್ಲಿ ಖಂಡಿತ ಬೇಡ. ಬ್ರೌನಿಂಗ್ 1910ರಂಥವುಗಳಲ್ಲಿ ಕೆಳಗೆ ಬಿದ್ದರೆ ಫೈರಿಂಗ್ ಪಿನ್ನನ್ನು ತಡೆಯುವ ಏರ್ಪಾಡು ಇಲ್ಲ. ಹೊಸದರಲ್ಲಿ ಇದ್ದರೂ, ಬೈಕಿನಲ್ಲಿ ಹತ್ತಿ ಇಳಿಯುವ, ಲುಂಗಿ ಪಂಚೆ ಉಟ್ಟು ಕೂರುವ ನಮ್ಮ ದಿನಚರಿಗೆ ಖಾಲಿ ಚೇಂಬರೇ ಕ್ಷೇಮ. ಹೋಲ್ಸ್ಟರ್ ಇಲ್ಲದೆ ಸೊಂಟಕ್ಕೆ ಸಿಕ್ಕಿಸುವುದನ್ನು ಇಂದೇ ಬಿಡಿ.

ಮನೆಯಲ್ಲಿ ಎಲ್ಲಿ ಇಡಬೇಕು?

ಬೀರುವಿನ ಸೀರೆಗಳ ನಡುವೆ, ದೇವರಮನೆಯಲ್ಲಿ, ದಿಂಬಿನ ಕೆಳಗೆ ಇಡಬಾರದು. ಪಿಸ್ತೂಲು ಒಂದು ಲಾಕರಿನಲ್ಲಿ, ಗುಂಡು ಬೇರೊಂದು ಬೀಗದಲ್ಲಿ, ಕೀಲಿ ನಿಮ್ಮ ಬಳಿ. ಮಕ್ಕಳಿಗೆ ಕೀಲಿ ಇರುವ ಜಾಗ ಗೊತ್ತಿರುವುದಿಲ್ಲ ಎಂದು ನಂಬಬೇಡಿ, ಗೊತ್ತಿರುತ್ತದೆ. ಮನೆಯಲ್ಲಿ ಯಾರಾದರೂ ಸಾಲದ ಚಿಂತೆಯಲ್ಲೋ ಖಿನ್ನತೆಯಲ್ಲೋ ಇದ್ದರೆ, ಕುಡಿತದ ಗಲಾಟೆ ಇದ್ದರೆ, ಪಿಸ್ತೂಲನ್ನು ಆ ಅವಧಿಗೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಡಿ. ಇದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ.

ಚರ್ಮದ ಹೋಲ್ಸ್ಟರಿನೊಳಗೇ ಇಟ್ಟು ಬೀಗ ಹಾಕಬೇಡಿ, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ಲಾಕರಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಹೊಸದು ಹಾಕಿ. ಗುಂಡು ಮೂಲ ಡಬ್ಬಿಯಲ್ಲೇ ಇರಲಿ. ಹಸಿರು ಕಿಲುಬು ಹಿಡಿದದ್ದು, ತಗ್ಗಾದದ್ದು ಬಳಸಬೇಡಿ.

ಮದುವೆ, ಜಾತ್ರೆಯಲ್ಲಿ ಗಾಳಿಗೆ ಒಂದು ಗುಂಡು?

ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಯಾರದೋ ತಲೆಯ ಮೇಲೆ ಇಳಿಯುತ್ತದೆ.

ಕಡಿಮೆ ಬೆಲೆಗೆ "ಉತ್ತರದ ಕಡೆಯ ಮಾಲು" ಕೊಡುತ್ತೇವೆ ಎನ್ನುತ್ತಾರೆ. ನಂಬಬಹುದೇ?

ಹತ್ತಿರ ಸೇರಿಸಬೇಡಿ. ಬಿಲ್ಲು, ಪ್ರೂಫ್ ಮಾರ್ಕ್ ಇಲ್ಲದ ನಾಡ ಪಿಸ್ತೂಲು ಇಟ್ಟುಕೊಳ್ಳುವುದೇ ಜೈಲಿಗೆ ದಾರಿ. ಹದ ಮಾಡದ ಕಬ್ಬಿಣದ ಸ್ಲೈಡ್ ಮುಖಕ್ಕೇ ಹಾರಬಹುದು.

ತಾತ ತೀರಿಕೊಂಡರು, ಅವರ ಪಿಸ್ತೂಲು ಮನೆಯಲ್ಲಿದೆ.

ತಾತನ ಲೈಸೆನ್ಸ್ ಅವರೊಂದಿಗೇ ಮುಗಿಯಿತು. ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರಿಗೆ ಠೇವಣಿ ಇಟ್ಟು ರಸೀದಿ ಪಡೆಯಿರಿ, ಆಮೇಲೆ ವಾರಸುದಾರರಲ್ಲಿ ಒಬ್ಬರು ಉಳಿದವರ ಒಪ್ಪಿಗೆ ಪತ್ರದೊಂದಿಗೆ ತಮ್ಮ ಹೆಸರಿಗೆ ಅರ್ಜಿ ಹಾಕಿ. ಅದು ಕೈಗೆ ಬಂದರೂ ಗನ್‌ಸ್ಮಿತ್ ನೋಡುವವರೆಗೆ ಒಂದು ಗುಂಡೂ ಹೊಡೆಯಬೇಡಿ. ಅದರ ಜೊತೆ ಬಂದ ಹಳೆಯ ಗುಂಡುಗಳನ್ನೂ ಬಳಸಬೇಡಿ, ಠಾಣೆಗೆ ಒಪ್ಪಿಸಿ.

ಚುನಾವಣೆ ಬಂದಾಗ ಠಾಣೆಗೆ ಕೊಟ್ಟ ಪಿಸ್ತೂಲು ತುಕ್ಕು ಹಿಡಿದು ವಾಪಸ್ ಬರುತ್ತದೆ. ಏನು ಮಾಡುವುದು?

ಕೊಡುವ ಹಿಂದಿನ ದಿನ ಬಿಚ್ಚಿ ಸ್ವಚ್ಛ ಮಾಡಿ, ಲೋಹದ ಹೊರಮೈಗೆಲ್ಲ ತೆಳುವಾಗಿ ಗ್ರೀಸ್ ಸವರಿ. ಬರಿ ಬಟ್ಟೆಯಲ್ಲಿ ಸುತ್ತಿ ಕೊಡಬೇಡಿ, ಹತ್ತಿ ಬಟ್ಟೆ ತೇವ ಎಳೆದು ಲೋಹಕ್ಕೆ ಅಂಟಿಸಿಕೊಂಡಿರುತ್ತದೆ. ಎಣ್ಣೆ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಮೇಲೆ ಹೆಸರು ಮತ್ತು ಲೈಸೆನ್ಸ್ ನಂಬರ್ ಅಂಟಿಸಿ. ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ರಸೀದಿಯಲ್ಲಿ ಸೀರಿಯಲ್ ನಂಬರ್, ಮ್ಯಾಗಜಿನ್ ಎಷ್ಟು, ಗುಂಡು ಕೊಟ್ಟಿದ್ದರೆ ಎಷ್ಟು ಎಂದು ಬರೆಸಿ. ವಾಪಸ್ ಪಡೆಯುವಾಗ ಠಾಣೆಯ ಮೇಜಿನ ಮೇಲೇ ಚೇಂಬರ್ ಖಾಲಿ ನೋಡಿ, ನಂಬರ್ ಹೊಂದಿಸಿ, ಆಮೇಲೆ ಸಹಿ ಹಾಕಿ. ಮನೆಗೆ ಬಂದು ಗ್ರೀಸ್ ಪೂರ್ತಿ ಒರೆಸಿ, ಫೈರಿಂಗ್ ಪಿನ್ನಿನ ದಾರಿ ಒಣಗಿಸಿ, ಪೆನ್ಸಿಲ್ ಪರೀಕ್ಷೆ ಇನ್ನೊಮ್ಮೆ ಮಾಡಿ ಲಾಕರಿಗೆ ಇಡಿ.